ಆಕಾಶದಲ್ಲಿ ‘ಢಂ’ ಎಂದು ಸದ್ದಾದರೆ ಅದು ಭೂಕಂಪವೇ? ಶಬ್ದದ ವೇಗ ಮತ್ತು ಸೂಪರ್‌ಸಾನಿಕ್ ವಿಮಾನಗಳ ಅಸಲಿ ವಿಷಯ

2020ರ ಮೇ 20, ಬುಧವಾರ. ಲಾಕ್‌ಡೌನ್ ಕಾಲ, ಬೆಂಗಳೂರಿನ ಹೆಚ್ಚಿನವರು ಮನೆಯಲ್ಲೇ ಇದ್ದರು. ಮಧ್ಯಾಹ್ನ ಒಂದೂಕಾಲು ದಾಟಿದ ಮೇಲೆ ವೈಟ್‌ಫೀಲ್ಡ್, ಸರ್ಜಾಪುರ, ಎಲೆಕ್ಟ್ರಾನಿಕ್ ಸಿಟಿ ಕಡೆ ಭಾರಿ ಸದ್ದು ಕೇಳಿತು. ಕಿಟಕಿ ಬಾಗಿಲು ಅದುರಿದವು, ಜನ ಹೊರಗೆ ಓಡಿ ಬಂದರು. ಕೆಲವೇ ನಿಮಿಷದಲ್ಲಿ ಫೋನ್‌ಗಳ ತುಂಬ ಊಹೆಗಳು: ಭೂಕಂಪ, ಉಲ್ಕೆ ಬಿತ್ತು, ಎಲ್ಲೋ ಸ್ಫೋಟ ಆಗಿದೆ, ಯುದ್ಧವಿಮಾನ ಬಿದ್ದಿದೆ.

ಭೂಕಂಪಮಾಪಕಗಳಲ್ಲಿ ಏನೂ ದಾಖಲಾಗಿಲ್ಲ ಎಂದು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೇಳಿತು. ಸಂಜೆ ಹೊತ್ತಿಗೆ ರಕ್ಷಣಾ ಇಲಾಖೆಯ ವಿವರಣೆಯೂ ಬಂತು. ಬೆಂಗಳೂರಿನಿಂದ ಹೊರಟ ವಾಯುಪಡೆಯ ವಿಮಾನವೊಂದು ಮಾಮೂಲಿ ಪರೀಕ್ಷಾ ಹಾರಾಟದಲ್ಲಿತ್ತು. ನಗರದಿಂದ ಬಹಳ ದೂರದಲ್ಲಿ, 36,000ದಿಂದ 40,000 ಅಡಿ ಎತ್ತರದಲ್ಲಿ ಅದು ಸೂಪರ್‌ಸಾನಿಕ್ ವೇಗದಿಂದ ಕೆಳವೇಗಕ್ಕೆ ಇಳಿಯುವಾಗ ಉಂಟಾದ ‘ಸೋನಿಕ್ ಬೂಮ್’ ಇದಾಗಿರಬಹುದು, ವಿಮಾನ 65ರಿಂದ 80 ಕಿಲೋಮೀಟರ್ ದೂರದಲ್ಲಿದ್ದರೂ ಈ ಸದ್ದು ಕೇಳಿಸಬಲ್ಲದು ಎಂಬುದು ಅದರ ಸಾರ.

ವಿವರಣೆ ಬಂದ ಮೇಲೂ ಅನುಮಾನ ಹೋಗಲಿಲ್ಲ. ಅಷ್ಟು ದೂರದ ವಿಮಾನ ಊರಿಡೀ ಕಿಟಕಿ ಅಲುಗಿಸುವುದು ಸಾಧ್ಯವೇ? ವೇಗ ಕಡಿಮೆ ಮಾಡುವಾಗ ಸದ್ದು ಯಾಕೆ ಬರಬೇಕು? ಅಲ್ಲಿ ಹಾರಿದ್ದರೆ ನಮಗೆ ವಿಮಾನವೇ ಕಾಣಲಿಲ್ಲವಲ್ಲ? ‘ಇವರು ಏನೋ ಮುಚ್ಚಿಡುತ್ತಿದ್ದಾರೆ’ ಎಂಬ ಫಾರ್ವರ್ಡ್‌ಗಳು ಹುಟ್ಟುವುದು ಇಂಥ ಪ್ರಶ್ನೆಗಳಿಂದಲೇ. ಪ್ರಶ್ನೆಗಳು ಸರಿಯಾಗಿಯೇ ಇವೆ. ಉತ್ತರಗಳನ್ನು ಇಲ್ಲಿ ನೋಡೋಣ.

ಶಬ್ದಕ್ಕೂ ಓಡಲು ಸಮಯ ಬೇಕು

ಶಬ್ದ ಎಂದರೆ ಗಾಳಿಯಲ್ಲಿ ಸಾಗುವ ಒತ್ತಡದ ಅಲೆ. ಒಂದು ಕಡೆ ಗಾಳಿಯ ಕಣಗಳನ್ನು ತಳ್ಳಿದರೆ ಅವು ಪಕ್ಕದವನ್ನು ತಳ್ಳುತ್ತವೆ, ಅವು ಮುಂದಿನವನ್ನು. ಜಾತ್ರೆಯ ನೂಕುನುಗ್ಗಲಿನಲ್ಲಿ ಹಿಂದಿನವರು ತಳ್ಳಿದ್ದು ಮುಂದಿನವರಿಗೆ ತಲುಪುವ ಹಾಗೆ. ಜನ ಇದ್ದಲ್ಲೇ ಇರುತ್ತಾರೆ, ತಳ್ಳಾಟ ಮಾತ್ರ ಮುಂದೆ ಹೋಗುತ್ತದೆ.

20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಈ ತಳ್ಳಾಟ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಗಂಟೆಗೆ ಹೇಳುವುದಾದರೆ ಸುಮಾರು 1,235 ಕಿಲೋಮೀಟರ್. ಕೇಳಲು ದೊಡ್ಡ ವೇಗ. ಆದರೂ ಬೆಂಗಳೂರಿನಲ್ಲಿ ಆದ ಸದ್ದು ನೇರವಾಗಿ ಮೈಸೂರಿಗೆ ಹೋಗಬಹುದಾಗಿದ್ದರೆ ತಲುಪಲು ಆರೇಳು ನಿಮಿಷ ಬೇಕಾಗುತ್ತಿತ್ತು. 80 ಕಿಲೋಮೀಟರ್ ದೂರದಿಂದ ಹೊರಟ ಸದ್ದು ನಿಮ್ಮನ್ನು ಮುಟ್ಟಲು ನಾಲ್ಕು ನಿಮಿಷ ತೆಗೆದುಕೊಳ್ಳುತ್ತದೆ. ಸದ್ದು ಕೇಳಿ ತಾರಸಿಗೆ ಓಡಿ ಆಕಾಶ ನೋಡಿದವರಿಗೆ ಏನೂ ಕಾಣದಿರುವುದಕ್ಕೆ ಇದೇ ಕಾರಣ. ಸದ್ದು ಮಾಡಿದ ವಿಮಾನ ಅಷ್ಟರಲ್ಲಿ ಇನ್ನೆಲ್ಲೋ ಇರುತ್ತದೆ.

ಮಳೆಗಾಲಕ್ಕೆ ಮುಂಚೆ ಗುಡುಗು ಮಿಂಚು ಬರುವ ದಿನಗಳಲ್ಲಿ ಈ ಲೆಕ್ಕ ತುಂಬ ಉಪಯೋಗಕ್ಕೆ ಬರುತ್ತದೆ. ಮಿಂಚು ಕಂಡ ಕೂಡಲೇ ಎಣಿಸಲು ಶುರುಮಾಡಿ. ಗುಡುಗು ಕೇಳುವ ಹೊತ್ತಿಗೆ ಎಷ್ಟು ಸೆಕೆಂಡ್ ಆಯಿತೋ ಅದನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂದು ಗೊತ್ತಾಗುತ್ತದೆ. 30 ಸೆಕೆಂಡಿಗಿಂತ ಕಡಿಮೆ ಬಂದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಹೊಲದಲ್ಲಿದ್ದರೆ ಕಟ್ಟಡದೊಳಗೆ ಹೋಗಬೇಕು. ಮರದ ಕೆಳಗಲ್ಲ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರದಿರುವುದು ಒಳ್ಳೆಯದು.

‘ಜೋರಾದ ಸದ್ದು ಬೇಗ ಬರುತ್ತದೆ, ಮೆಲ್ಲನೆಯದು ತಡವಾಗಿ ಬರುತ್ತದೆ’ ಎಂದು ಹಲವರು ನಂಬಿದ್ದಾರೆ. ಹಾಗಿಲ್ಲ. ಪಿಸುಮಾತು, ಕೂಗು, ಡೋಲು, ಕೊಳಲು ಎಲ್ಲವೂ ಗಾಳಿಯಲ್ಲಿ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬರುತ್ತವೆ. ಹಾಗಿಲ್ಲದಿದ್ದರೆ ಮೈದಾನದ ಹಿಂದಿನ ಸಾಲಿನಲ್ಲಿ ಕುಳಿತು ಸಂಗೀತ ಕೇಳುವವರಿಗೆ ಮೃದಂಗ ಮೊದಲು, ಪಿಟೀಲು ಆಮೇಲೆ ಕೇಳಿ ಎಲ್ಲ ಕಲಸಿಹೋಗುತ್ತಿತ್ತು. ತೀರಾ ಬಲವಾದ ಸ್ಫೋಟದ ಹತ್ತಿರ ಮಾತ್ರ ಈ ನಿಯಮ ಮುರಿಯುತ್ತದೆ.

ಮೇಲಕ್ಕೆ ಹೋದಂತೆ ಶಬ್ದ ನಿಧಾನವಾಗುತ್ತದೆ, ಆದರೆ ಕಾರಣ ಬೇರೆ

‘ಎತ್ತರದಲ್ಲಿ ಗಾಳಿ ತೆಳು, ಅದಕ್ಕೇ ಶಬ್ದ ನಿಧಾನ’ ಎಂಬ ವಾಕ್ಯವನ್ನು ನೀವು ಎಷ್ಟೋ ವಿಡಿಯೊಗಳಲ್ಲಿ ಕೇಳಿರಬಹುದು. ಅರ್ಧ ಸರಿ. ಎತ್ತರದಲ್ಲಿ ಶಬ್ದ ನಿಧಾನವಾಗುವುದು ನಿಜ, ಆದರೆ ತೆಳು ಗಾಳಿಯಿಂದ ಅಲ್ಲ, ಚಳಿಯಿಂದ. ಗಾಳಿಯ ಕಣಗಳು ಬಿಸಿಯಾದಷ್ಟೂ ಚುರುಕಾಗಿ ಓಡಾಡುತ್ತವೆ, ತಳ್ಳಾಟವನ್ನು ಬೇಗ ದಾಟಿಸುತ್ತವೆ. ಒಂದು ಡಿಗ್ರಿ ಹೆಚ್ಚಾದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಏರುತ್ತದೆ. ಸೊನ್ನೆ ಡಿಗ್ರಿಯಲ್ಲಿ 331 ಮೀಟರ್ ಇರುವುದು ಮೇ ತಿಂಗಳ 33 ಡಿಗ್ರಿಯಲ್ಲಿ 351 ಆಗುತ್ತದೆ. ಸಾಂದ್ರತೆ ಕಡಿಮೆಯಾದಾಗ ಒತ್ತಡವೂ ಅದೇ ಪ್ರಮಾಣದಲ್ಲಿ ಇಳಿಯುವುದರಿಂದ ಇವೆರಡರ ಪರಿಣಾಮ ಒಂದಕ್ಕೊಂದು ವಜಾ ಆಗಿ, ಉಳಿಯುವುದು ಉಷ್ಣತೆ ಮಾತ್ರ.

11 ಕಿಲೋಮೀಟರ್ ಎತ್ತರದಲ್ಲಿ, ಅಂದರೆ ಸುಮಾರು 36,000 ಅಡಿಯಲ್ಲಿ, ಗಾಳಿಯ ಉಷ್ಣತೆ ಮೈನಸ್ 56 ಡಿಗ್ರಿ ಆಸುಪಾಸು. ಅಲ್ಲಿ ಶಬ್ದ ಸೆಕೆಂಡಿಗೆ 295 ಮೀಟರ್, ಗಂಟೆಗೆ ಸುಮಾರು 1,060 ಕಿಲೋಮೀಟರ್ ಮಾತ್ರ ಓಡುತ್ತದೆ. ಹೀಗಾಗಿ ಗಂಟೆಗೆ 1,100 ಕಿಲೋಮೀಟರ್ ವೇಗದ ವಿಮಾನ ನೆಲದ ಹತ್ತಿರ ಶಬ್ದಕ್ಕಿಂತ ಹಿಂದೆ, ಆ ಎತ್ತರದಲ್ಲಿ ಶಬ್ದಕ್ಕಿಂತ ಮುಂದೆ.

ಈ ಗೊಂದಲ ಬೇಡವೆಂದೇ ವಿಮಾನದವರು ಕಿಲೋಮೀಟರ್ ಬಿಟ್ಟು ‘ಮ್ಯಾಕ್’ ಲೆಕ್ಕದಲ್ಲಿ ಮಾತಾಡುತ್ತಾರೆ. ವಿಮಾನದ ವೇಗವನ್ನು ಅಲ್ಲಿನ ಶಬ್ದದ ವೇಗದಿಂದ ಭಾಗಿಸಿದರೆ ಬರುವುದೇ ಮ್ಯಾಕ್ ಸಂಖ್ಯೆ. ಸರಿಯಾಗಿ ಒಂದು ಬಂದರೆ ಶಬ್ದದ ವೇಗ, ಒಂದಕ್ಕಿಂತ ಹೆಚ್ಚಾದರೆ ಸೂಪರ್‌ಸಾನಿಕ್, ಐದು ದಾಟಿದರೆ ಹೈಪರ್‌ಸಾನಿಕ್. ನಾವು ಟಿಕೆಟ್ ತೆಗೆದುಕೊಂಡು ಹೋಗುವ ವಿಮಾನಗಳು ಮ್ಯಾಕ್ 0.8ರ ಸುತ್ತಮುತ್ತ. ಹೆಸರು ಬಂದಿದ್ದು ಆಸ್ಟ್ರಿಯಾದ ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್ ಅವರಿಂದ. ವಿಮಾನವೇ ಹುಟ್ಟದಿದ್ದ 1880ರ ದಶಕದಲ್ಲಿ ಅವರು ಮತ್ತು ಅವರ ಸಹೋದ್ಯೋಗಿ ಪೀಟರ್ ಸಾಲ್ಖರ್, ಹಾರುತ್ತಿರುವ ಬಂದೂಕಿನ ಗುಂಡಿನ ಫೋಟೊ ತೆಗೆದಿದ್ದರು. ಗುಂಡಿನ ಮುಂದೆ ಗಾಳಿಯಲ್ಲಿ ಬಾಗಿದ ಒಂದು ಗೆರೆ ಆ ಚಿತ್ರದಲ್ಲಿ ಕಾಣುತ್ತದೆ. ಸೋನಿಕ್ ಬೂಮ್ ಎಂದರೆ ಆ ಗೆರೆಯೇ.

ಕೆರೆಯಲ್ಲಿ ಬಾತುಕೋಳಿ

ಕೆರೆಯಲ್ಲಿ ಬಾತುಕೋಳಿ ಈಜುವುದನ್ನು ನೆನಪಿಸಿಕೊಳ್ಳಿ. ಅದು ಇದ್ದಲ್ಲೇ ಕಾಲಾಡಿಸುತ್ತಿದ್ದರೆ ಅಲೆಗಳು ಸುತ್ತಲೂ ಬಳೆಯಂತೆ ಹರಡುತ್ತವೆ. ಅಲೆಗಿಂತ ಬೇಗ ಈಜಲು ಶುರುಮಾಡಿದರೆ ಬಳೆಗಳು ಅದನ್ನು ಹಿಂದೆ ಹಾಕಲಾರವು. ಎಲ್ಲ ಒಂದರ ಮೇಲೊಂದು ಬಿದ್ದು, ಹಿಂದೆ ಬಾಣದ ತುದಿಯ ಆಕಾರದ ಎರಡು ಗೆರೆಗಳಾಗುತ್ತವೆ. ಬಾತುಕೋಳಿ ಮುಂದೆ ಹೋದಂತೆ ಆ ಗೆರೆಗಳೂ ಜೊತೆಗೇ ಎಳೆದುಕೊಂಡು ಹೋಗುತ್ತವೆ.

ವಿಮಾನದ್ದೂ ಇದೇ ಕಥೆ. ಶಬ್ದಕ್ಕಿಂತ ನಿಧಾನವಾಗಿ ಹೋಗುವಾಗ ಒತ್ತಡದ ಅಲೆಗಳು ವಿಮಾನಕ್ಕಿಂತ ಮುಂಚೆಯೇ ಹೊರಟು ಮುಂದಿನ ಗಾಳಿಗೆ ‘ಜಾಗ ಬಿಡು’ ಎಂದು ಸುದ್ದಿ ಮುಟ್ಟಿಸುತ್ತವೆ. ಶಬ್ದಕ್ಕಿಂತ ವೇಗವಾದರೆ ಸುದ್ದಿ ಮುಟ್ಟುವ ಮೊದಲೇ ವಿಮಾನ ಬಂದಿರುತ್ತದೆ. ಗಾಳಿ ಒಮ್ಮೆಲೇ ಸರಿಯಬೇಕಾಗುತ್ತದೆ, ಅಲೆಗಳು ಒಟ್ಟುಗೂಡಿ ಆಘಾತ ತರಂಗ ಆಗುತ್ತವೆ. ಕೆರೆಯ ಮೇಲ್ಮೈಯಲ್ಲಿ ಎರಡು ಗೆರೆಯಾಗಿದ್ದದ್ದು ಆಕಾಶದಲ್ಲಿ ಐಸ್‌ಕ್ರೀಂ ಕೋನ್ ಆಕಾರ ಪಡೆಯುತ್ತದೆ. ಕೋನಿನ ತುದಿಯಲ್ಲಿ ವಿಮಾನ, ಅಗಲವಾದ ಬಾಯಿ ಹಿಂದಕ್ಕೆ.

ಈ ಕೋನಿನ ಅಂಚು ನೆಲವನ್ನು ಸವರಿಕೊಂಡು ಹೋಗುತ್ತದೆ. ಅಂಚು ನಿಮ್ಮ ಮನೆ ದಾಟಿದ ಕ್ಷಣ ನಿಮಗೆ ‘ಢಂ’. ಮುಂದಿನ ಹಳ್ಳಿಯವರಿಗೆ ಕೆಲವು ಸೆಕೆಂಡ್ ಬಿಟ್ಟು ‘ಢಂ’. ವಿಮಾನ ಸೂಪರ್‌ಸಾನಿಕ್ ಆಗಿರುವಷ್ಟು ಹೊತ್ತೂ ದಾರಿಯ ಊರೂರಿನಲ್ಲೂ ಹೀಗೆಯೇ. ಪ್ರತಿಯೊಬ್ಬರಿಗೂ ಒಮ್ಮೆ ಮಾತ್ರ ಕೇಳುತ್ತದೆ, ಹಾಗಾಗಿ ಪ್ರತಿಯೊಬ್ಬರಿಗೂ ತಮ್ಮ ಮನೆ ಹಿಂದೆಯೇ ಏನೋ ಸಿಡಿದಂತೆ ಅನಿಸುತ್ತದೆ.

‘ಶಬ್ದದ ವೇಗ ದಾಟುವ ಆ ಒಂದು ಕ್ಷಣದಲ್ಲಿ ಮಾತ್ರ ಬೂಮ್ ಆಗುತ್ತದೆ’ ಎಂಬ ಮಾತು ಪಠ್ಯಪುಸ್ತಕ ಓದಿದವರ ಬಾಯಲ್ಲೂ ಬರುತ್ತದೆ. ಅದು ತಪ್ಪು ಎಂಬುದು ಈಗ ಸ್ಪಷ್ಟವಾಗಿರಬೇಕು. ಕ್ಷಣದ ಸಿಡಿತ ಅಲ್ಲ ಅದು, ಹಿಂದೆ ಎಳೆದುಕೊಂಡು ಹೋಗುವ ಬಾಲ. ವಿಮಾನದ ಒಳಗಿರುವ ಪೈಲಟ್‌ಗೆ ಅದು ಕೇಳುವುದೇ ಇಲ್ಲ, ಏಕೆಂದರೆ ಬಾಲ ಯಾವಾಗಲೂ ಅವರ ಹಿಂದೆ.

ಗಮನವಿಟ್ಟು ಕೇಳಿದರೆ ಎಷ್ಟೋ ಸಲ ಸದ್ದು ‘ಢಂ-ಢಂ’ ಎಂದು ಜೋಡಿಯಾಗಿ ಇರುತ್ತದೆ. ಮೂತಿಯಿಂದ ಒಂದು, ಬಾಲದಿಂದ ಒಂದು. ಮೊದಲನೆಯದರಲ್ಲಿ ಒತ್ತಡ ತಟ್ಟನೆ ಏರುತ್ತದೆ, ನಡುವೆ ಮಾಮೂಲಿಗಿಂತ ಕೆಳಕ್ಕೆ ಇಳಿಯುತ್ತದೆ, ಎರಡನೆಯದರಲ್ಲಿ ತಟ್ಟನೆ ಮೊದಲಿನಂತಾಗುತ್ತದೆ. ಚಿಕ್ಕ ಯುದ್ಧವಿಮಾನದಲ್ಲಿ ಎರಡರ ಅಂತರ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು, ಹಾಗಾಗಿ ಹಲವರಿಗೆ ಒಂದೇ ಎನಿಸುತ್ತದೆ.

ಇಷ್ಟೆಲ್ಲ ಆರ್ಭಟದ ಒತ್ತಡ ಎಷ್ಟಿರಬಹುದು? ದೊಡ್ಡ ಕಾಂಕಾರ್ಡ್ ವಿಮಾನ ತನ್ನ ಪೂರ್ಣ ಎತ್ತರದಲ್ಲಿ ಹಾರುವಾಗ ನೆಲದ ಮೇಲೆ ಸುಮಾರು 90ರಿಂದ 100 ಪ್ಯಾಸ್ಕಲ್. ನಮ್ಮ ಸುತ್ತಲಿನ ಗಾಳಿಯ ಒತ್ತಡ ಒಂದು ಲಕ್ಷ ಪ್ಯಾಸ್ಕಲ್‌ಗಿಂತ ತುಸು ಹೆಚ್ಚು. ಅಂದರೆ ಸಾವಿರದಲ್ಲಿ ಒಂದು ಪಾಲು. ಮನುಷ್ಯನಿಗೆ ಗಾಯ ಆಗುವಷ್ಟಲ್ಲ. ಆದರೆ ಅದು ಏರುವ ರಭಸ ಎಷ್ಟೆಂದರೆ ಅಗಲವಾದ ಗಾಜಿನ ಕಿಟಕಿ ಬಡಿದುಕೊಳ್ಳುತ್ತದೆ, ಮೊದಲೇ ಸಡಿಲವಾಗಿದ್ದರೆ ಒಡೆಯಲೂಬಹುದು.

ಬೆಂಗಳೂರಿನ ಪ್ರಶ್ನೆಗೆ ಉತ್ತರ

ಬೂಮ್ ಕೇಳುವ ಪಟ್ಟಿ ಎಷ್ಟು ಅಗಲ ಎನ್ನುವುದಕ್ಕೆ ಒಂದು ಒರಟು ಲೆಕ್ಕವಿದೆ: ಸಾವಿರ ಅಡಿ ಎತ್ತರಕ್ಕೆ ಒಂದು ಮೈಲಿ. 40,000 ಅಡಿಯಲ್ಲಿ ಹಾರಿದರೆ 40 ಮೈಲಿ, ಅಂದರೆ ಸುಮಾರು 64 ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ಕೇಳಬಹುದು. ಇದು ಅಕ್ಕಪಕ್ಕದ ಮಾತು. ಮುಂದಕ್ಕೆ ಇನ್ನೂ ದೂರ ಹೋಗಬಲ್ಲದು.

‘ವೇಗ ಕಡಿಮೆ ಮಾಡುವಾಗ’ ಎಂಬ ಮಾತಿನ ಅರ್ಥ ಇಲ್ಲಿದೆ. ಆಘಾತ ತರಂಗ ನೇರ ಕೆಳಗೆ ಬೀಳುವುದಿಲ್ಲ, ವಿಮಾನ ಸಾಗುವ ದಿಕ್ಕಿಗೇ ಓರೆಯಾಗಿ ಮುಂದಕ್ಕೂ ಕೆಳಕ್ಕೂ ಹೊರಡುತ್ತದೆ. ಮ್ಯಾಕ್ ಸಂಖ್ಯೆ ಒಂದರ ಹತ್ತಿರ ಬಂದಷ್ಟೂ ಅದರ ದಿಕ್ಕು ಹೆಚ್ಚು ಅಡ್ಡವಾಗುತ್ತದೆ. ವಿಮಾನ ವೇಗ ಇಳಿಸಿ ಸುಮ್ಮನಾದರೂ ಅದಕ್ಕೂ ಮುಂಚೆ ಹೊರಟ ತರಂಗಕ್ಕೆ ಅದು ಗೊತ್ತಿಲ್ಲ, ತನ್ನ ಪಾಡಿಗೆ ಮುಂದೆ ಸಾಗುತ್ತದೆ. ಕೈಯಿಂದ ಬಿಟ್ಟ ಕಲ್ಲು ಕೈ ನಿಂತರೂ ಹೋಗುವಂತೆ. ನಗರದಿಂದ ದೂರದಲ್ಲಿದ್ದ ವಿಮಾನದ ಸದ್ದು ನಗರಕ್ಕೆ ಬರುವುದು ಹೀಗೆ. ಗಾಳಿಯ ಉಷ್ಣತೆ, ಬೀಸುವ ದಿಕ್ಕು ಇವೂ ಆ ದಾರಿಯನ್ನು ಬಾಗಿಸುತ್ತವೆ. ಆದ್ದರಿಂದ ವೈಟ್‌ಫೀಲ್ಡ್‌ನಲ್ಲಿ ಜೋರಾಗಿ ಕೇಳಿದ್ದು ಇನ್ನೊಂದು ಬಡಾವಣೆಯಲ್ಲಿ ಕೇಳದೇ ಇದ್ದರೆ ಆಶ್ಚರ್ಯವಿಲ್ಲ.

ಬೆಂಗಳೂರಿಗೇ ಯಾಕೆ ಇಂಥ ಅನುಭವ ಎಂದರೆ, ಎಚ್‌ಎಎಲ್ ಇರುವುದು ಇಲ್ಲಿ, ವಾಯುಪಡೆಯ ಪರೀಕ್ಷಾ ಪೈಲಟ್‌ಗಳ ಕೇಂದ್ರ ಇರುವುದೂ ಇಲ್ಲಿ. 1961ರಲ್ಲಿ ಮಾರುತ್ ಯುದ್ಧವಿಮಾನ ಮೊದಲು ಹಾರಿದ್ದು ಇಲ್ಲಿಂದ. ಜರ್ಮನಿಯ ಕುರ್ಟ್ ಟ್ಯಾಂಕ್ ಅದನ್ನು ಸೂಪರ್‌ಸಾನಿಕ್ ಆಗಲೆಂದೇ ವಿನ್ಯಾಸ ಮಾಡಿದ್ದರು, ತಕ್ಕ ಎಂಜಿನ್ ಸಿಗದೆ ಅದು ಶಬ್ದದ ವೇಗದ ಆಸುಪಾಸಿನಲ್ಲೇ ಉಳಿಯಿತು. 2001ರ ಜನವರಿ 4ರಂದು ಬೆಂಗಳೂರಿನಿಂದಲೇ ಮೊದಲ ಬಾರಿ ಹಾರಿದ ತೇಜಸ್, 2003ರಲ್ಲಿ ಶಬ್ದದ ವೇಗ ದಾಟಿತು. ಇಲ್ಲಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಗಾಳಿ ಸುರಂಗದಲ್ಲಿ ವಿಮಾನ, ರಾಕೆಟ್‌ಗಳ ಪುಟ್ಟ ಮಾದರಿಗಳ ಮೇಲೆ ಸೂಪರ್‌ಸಾನಿಕ್ ಗಾಳಿ ಹಾಯಿಸಿ ನೋಡುವ ಕೆಲಸ 1960ರ ದಶಕದಿಂದಲೂ ನಡೆದಿದೆ.

ಶಬ್ದದ ‘ಗೋಡೆ’ ಮತ್ತು ಪೊರಕೆ ಕೋಲು

ಎರಡನೇ ಮಹಾಯುದ್ಧದ ಕಾಲದಲ್ಲಿ ಯುದ್ಧವಿಮಾನಗಳು ಕಡಿದಾಗಿ ಕೆಳಕ್ಕೆ ಎರಗುವಾಗ ಶಬ್ದದ ವೇಗದ ಹತ್ತಿರ ಬರುತ್ತಿದ್ದವು. ಆಗ ರೆಕ್ಕೆ ನಡುಗುವುದು, ಹಿಡಿಕೆ ಎಳೆದರೂ ವಿಮಾನ ಮಾತು ಕೇಳದಿರುವುದು ನಡೆದು ಪೈಲಟ್‌ಗಳು ಸತ್ತಿದ್ದರು. ಅಲ್ಲೊಂದು ದಾಟಲಾಗದ ಗೋಡೆ ಇದೆ ಎಂಬ ಮಾತು ಹರಡಿತು. ಬಂದೂಕಿನ ಗುಂಡು ದಿನವೂ ದಾಟುತ್ತಿದ್ದ ಗೋಡೆ ಅದು! ತೊಂದರೆ ಇದ್ದದ್ದು ರೆಕ್ಕೆಯ ಆಕಾರದಲ್ಲಿ ಮತ್ತು ವಿಮಾನವನ್ನು ತಿರುಗಿಸುವ ವ್ಯವಸ್ಥೆಯಲ್ಲಿ.

1947ರ ಅಕ್ಟೋಬರ್ 14ರಂದು ಅಮೆರಿಕದ ಚಕ್ ಯೇಗರ್ ಅದನ್ನು ದಾಟಿದರು. ಅವರ ಬೆಲ್ ಎಕ್ಸ್-1 ರಾಕೆಟ್ ವಿಮಾನವನ್ನು ಗುಂಡಿನ ಆಕಾರದಲ್ಲೇ ಮಾಡಿದ್ದರು. ದೊಡ್ಡ ಬಾಂಬರ್ ವಿಮಾನದ ಹೊಟ್ಟೆಯಿಂದ ಅದನ್ನು ಆಕಾಶದಲ್ಲೇ ಬಿಡುಗಡೆ ಮಾಡಲಾಯಿತು. ಎರಡು ದಿನ ಮುಂಚೆ ಕುದುರೆಯಿಂದ ಬಿದ್ದು ಯೇಗರ್ ಪಕ್ಕೆಲುಬು ಮುರಿದುಕೊಂಡಿದ್ದರು. ಹೇಳಿದರೆ ಹಾರಲು ಬಿಡುವುದಿಲ್ಲವೆಂದು ಮೇಲಿನವರಿಗೆ ಹೇಳಲಿಲ್ಲ. ನೋವಿನಿಂದ ಕೈ ಚಾಚಿ ಬಾಗಿಲು ಹಾಕಲು ಆಗುತ್ತಿರಲಿಲ್ಲ, ಗೆಳೆಯ ಪೊರಕೆಯ ಕೋಲೊಂದನ್ನು ಕತ್ತರಿಸಿ ಕೊಟ್ಟ. ಅದನ್ನೇ ಸನ್ನೆ ಮಾಡಿಕೊಂಡು ಬಾಗಿಲು ಬಿಗಿದು, ಮ್ಯಾಕ್ 1.06 ಮುಟ್ಟಿ ಬಂದರು. ಸರಿಯಾಗಿ 65 ವರ್ಷದ ನಂತರ, 2012ರ ಅಕ್ಟೋಬರ್ 14ರಂದು, ಆಸ್ಟ್ರಿಯಾದ ಫೆಲಿಕ್ಸ್ ಬಾಮ್‌ಗಾರ್ಟ್ನರ್ ಸುಮಾರು 39 ಕಿಲೋಮೀಟರ್ ಎತ್ತರದ ಬಲೂನಿನಿಂದ ಧುಮುಕಿ, ಎಂಜಿನ್ ಇಲ್ಲದೆ ಬರೀ ಬೀಳುತ್ತಲೇ ಮ್ಯಾಕ್ 1.25 ದಾಟಿದರು.

ಇದಕ್ಕೆಲ್ಲ ಸಾವಿರಾರು ವರ್ಷ ಮುಂಚೆಯೇ ಮನುಷ್ಯ ಕೈಯಿಂದ ಶಬ್ದದ ವೇಗ ದಾಟಿದ್ದ ಎಂದರೆ ನಂಬುತ್ತೀರಾ? ಚಾಟಿ ಬೀಸಿದಾಗ ‘ಛಟೀರ್’ ಎನ್ನುವುದು ಹಗ್ಗ ಹಗ್ಗಕ್ಕೆ ತಗುಲಿ ಬರುವ ಸದ್ದಲ್ಲ. ಹಿಡಿಯ ಕಡೆ ದಪ್ಪ, ತುದಿಯ ಕಡೆ ತೆಳು ಇರುವ ಚಾಟಿಯಲ್ಲಿ ಬೀಸಿದ ಬಲ ತುದಿಗೆ ಬರುತ್ತಾ ವೇಗವಾಗುತ್ತದೆ, ಕೊನೆಗೆ ಶಬ್ದದ ವೇಗ ಮೀರುತ್ತದೆ. ಆ ಸದ್ದು ಪುಟಾಣಿ ಸೋನಿಕ್ ಬೂಮ್. ಮೂತ್ರಪಿಂಡದ ಕಲ್ಲನ್ನು ಹೊಟ್ಟೆ ಕೊಯ್ಯದೆ ಹೊರಗಿನಿಂದ ಪುಡಿ ಮಾಡುವ ಆಸ್ಪತ್ರೆಯ ಯಂತ್ರ ಬಳಸುವುದೂ ಇದೇ ಜಾತಿಯ ಆಘಾತ ತರಂಗವನ್ನು.

ಯಲಹಂಕದ ಫೋಟೊಗಳು

ಏರೋ ಇಂಡಿಯಾ ನಡೆಯುವ ದಿನಗಳಲ್ಲಿ ಯಲಹಂಕದ ಮೇಲೆ ಹಾರುವ ಯುದ್ಧವಿಮಾನಗಳ ವಿಡಿಯೊಗಳು ‘ಸೂಪರ್‌ಸಾನಿಕ್ ನೋಡಿ’ ಎಂಬ ಶೀರ್ಷಿಕೆಯಲ್ಲಿ ಬರುತ್ತವೆ. ಎದೆ ನಡುಗಿಸುವ ಆ ಸದ್ದು ಎಂಜಿನ್ನಿನದು, ಬಾಲದಿಂದ ಬೆಂಕಿ ಉಗುಳುವ ಆಫ್ಟರ್‌ಬರ್ನರ್‌ನದು. ಜನರ ತಲೆಯ ಮೇಲೆ ಅಷ್ಟು ಕೆಳಗೆ ಯಾರೂ ಶಬ್ದದ ವೇಗ ದಾಟುವುದಿಲ್ಲ. ದಾಟಿದ್ದರೆ ಸುತ್ತಲಿನ ಕಿಟಕಿ ಗಾಜುಗಳು ಉಳಿಯುವುದು ಕಷ್ಟ.

ವಿಮಾನದ ಸುತ್ತ ಬಿಳಿ ಮೋಡದ ಲಂಗ ತೊಡಿಸಿದಂತಿರುವ ಫೋಟೊ ನೋಡಿರಬಹುದು. ‘ಶಬ್ದದ ಗೋಡೆ ಒಡೆದ ಕ್ಷಣ’ ಎಂದು ಅದು ವರ್ಷಗಳಿಂದ ಓಡಾಡುತ್ತಿದೆ. ವೇಗವಾಗಿ ಹೋಗುವ ವಿಮಾನದ ಸುತ್ತ ಗಾಳಿಯ ಒತ್ತಡ ತಟ್ಟನೆ ಇಳಿದಾಗ ಗಾಳಿ ತಣ್ಣಗಾಗಿ ಅದರಲ್ಲಿದ್ದ ತೇವ ಮಂಜಾಗುತ್ತದೆ, ಅಷ್ಟೇ. ಸಮುದ್ರದ ಮೇಲಿನಂಥ ತೇವದ ಗಾಳಿಯಲ್ಲಿ ಮ್ಯಾಕ್ ಒಂದಕ್ಕಿಂತ ಕೆಳಗೂ ಅದು ಕಾಣುತ್ತದೆ. ಒಣ ಗಾಳಿಯಲ್ಲಿ ಮ್ಯಾಕ್ ಒಂದೂವರೆಯಲ್ಲೂ ಕಾಣದಿರಬಹುದು.

ಇನ್ನೊಂದು ನಂಬಿಕೆ: ‘ವಿಮಾನ ಮುಂದೆ ಹೋಗಿದೆ, ಸದ್ದು ಹಿಂದಿನಿಂದ ಬರುತ್ತಿದೆ, ಹಾಗಾದರೆ ಅದು ಸೂಪರ್‌ಸಾನಿಕ್.’ ಮಾಮೂಲಿ ಪ್ರಯಾಣಿಕರ ವಿಮಾನಕ್ಕೂ ಹೀಗೇ ಆಗುತ್ತದೆ. ಹತ್ತು ಕಿಲೋಮೀಟರ್ ಎತ್ತರದಿಂದ ಸದ್ದು ಇಳಿಯಲು ಅರ್ಧ ನಿಮಿಷ ಬೇಕು. ಅಷ್ಟರಲ್ಲಿ ಗಂಟೆಗೆ 900 ಕಿಲೋಮೀಟರ್ ವೇಗದ ವಿಮಾನ ಏಳೆಂಟು ಕಿಲೋಮೀಟರ್ ಮುಂದೆ ಹೋಗಿರುತ್ತದೆ.

ಹಾಗಾದರೆ ನಮಗೇಕೆ ಸೂಪರ್‌ಸಾನಿಕ್ ಪ್ರಯಾಣ ಇಲ್ಲ?

ಇತ್ತು. 1976ರ ಜನವರಿಯಿಂದ 2003ರವರೆಗೆ ಕಾಂಕಾರ್ಡ್ ಪ್ರಯಾಣಿಕರನ್ನು ಮ್ಯಾಕ್ 2ರಲ್ಲಿ ಕರೆದೊಯ್ಯುತ್ತಿತ್ತು. ಲಂಡನ್‌ನಿಂದ ನ್ಯೂಯಾರ್ಕ್‌ಗೆ ಮೂರೂವರೆ ಗಂಟೆ. ಹೊರಗೆ ಮೈನಸ್ 50ರ ಚಳಿ ಇದ್ದರೂ ಗಾಳಿಯ ಒತ್ತುವಿಕೆಯಿಂದ ಅದರ ಮೂತಿ ನೀರು ಕುದಿಯುವುದಕ್ಕಿಂತ ಹೆಚ್ಚು ಬಿಸಿಯಾಗುತ್ತಿತ್ತು, ಇಡೀ ವಿಮಾನ ಒಂದು ಗೇಣಿನಷ್ಟು ಉದ್ದ ಹಿಗ್ಗುತ್ತಿತ್ತು. ಇಂಧನದ ಖರ್ಚು ವಿಪರೀತ. ಅದಕ್ಕಿಂತ ದೊಡ್ಡ ತಲೆನೋವು ಈ ‘ಢಂ’.

ಜನ ಇದನ್ನು ಸಹಿಸಿಕೊಳ್ಳುತ್ತಾರೆಯೇ ಎಂದು ನೋಡಲು ಅಮೆರಿಕ ಸರ್ಕಾರ 1964ರಲ್ಲಿ ಓಕ್ಲಹೋಮ ಸಿಟಿಯ ಮೇಲೆ ಆರು ತಿಂಗಳಲ್ಲಿ 1,253 ಬೂಮ್‌ಗಳನ್ನು ಬೇಕೆಂದೇ ಹಾಯಿಸಿತು. ಕಿಟಕಿ ಒಡೆದ ದೂರುಗಳು ಸಾವಿರಾರು ಬಂದವು. ಸುಮಾರು ಕಾಲುಭಾಗದಷ್ಟು ಜನ ಇದರೊಂದಿಗೆ ಬದುಕಲಾಗದು ಎಂದರು. 1973ರಲ್ಲಿ ನಾಗರಿಕ ವಿಮಾನಗಳು ನೆಲದ ಮೇಲೆ ಶಬ್ದದ ವೇಗ ದಾಟುವುದನ್ನು ಅಮೆರಿಕ ನಿಷೇಧಿಸಿತು. ಲಂಡನ್‌ನಿಂದ ಬಹ್ರೇನ್ ಮೂಲಕ ಸಿಂಗಪುರಕ್ಕೆ ಕೆಲವು ಕಾಲ ಕಾಂಕಾರ್ಡ್ ಓಡಿತು. ಭಾರತ ತನ್ನ ಮೇಲೆ ಸೂಪರ್‌ಸಾನಿಕ್ ಹಾರಾಟಕ್ಕೆ ಒಪ್ಪದ ಕಾರಣ ವೇಗದ ಲಾಭವೇ ಸಿಗದೆ, 1980ರಲ್ಲಿ ಆ ಮಾರ್ಗ ನಿಂತಿತು. ನಮ್ಮ ಹಳ್ಳಿಗಳ ಮೇಲೆ ದಿನವೂ ಆ ಸದ್ದು ಬೀಳದೇ ಹೋದದ್ದು ಒಳ್ಳೆಯದೇ ಆಯಿತು ಎನ್ನುವುದು ನಮ್ಮ ಅಭಿಪ್ರಾಯ.

ಈಗ ಮತ್ತೆ ಪ್ರಯತ್ನ ನಡೆದಿದೆ. ಮೂತಿಯನ್ನು ತೀರಾ ಉದ್ದ ಮಾಡಿ ‘ಢಂ’ ಅನ್ನು ಕಾರಿನ ಬಾಗಿಲು ಹಾಕಿದಷ್ಟಕ್ಕೆ ಇಳಿಸಲು ನಾಸಾ ಎಕ್ಸ್-59 ಎಂಬ ವಿಮಾನ ಮಾಡಿದೆ. ಇನ್ನೊಂದು ಉಪಾಯ ನಾವು ಮೇಲೆ ಹೇಳಿದ ಉಷ್ಣತೆಯ ಲೆಕ್ಕದಿಂದಲೇ ಬಂದದ್ದು. ಮೇಲೆ ಶಬ್ದ ನಿಧಾನ, ಕೆಳಗೆ ವೇಗ. ಹೀಗಾಗಿ ಕೆಳಗಿಳಿಯುವ ತರಂಗ ಬಾಗುತ್ತಾ ಬಾಗುತ್ತಾ ಮತ್ತೆ ಮೇಲಕ್ಕೇ ತಿರುಗುತ್ತದೆ. ವಿಮಾನ ಮ್ಯಾಕ್ 1.1ರ ಸುತ್ತ ಮಾತ್ರ ಹಾರಿದರೆ ತರಂಗ ನೆಲ ಮುಟ್ಟುವುದೇ ಇಲ್ಲ. 2025ರ ಜನವರಿ 28ರಂದು ಅಮೆರಿಕದ ಖಾಸಗಿ ವಿಮಾನ ಎಕ್ಸ್‌ಬಿ-1 ಹೀಗೆ ಸೂಪರ್‌ಸಾನಿಕ್ ಆಯಿತು, ಕೆಳಗಿದ್ದವರಿಗೆ ಬೂಮ್ ಕೇಳಲಿಲ್ಲ. ಅದೇ ವರ್ಷ ಜೂನ್‌ನಲ್ಲಿ 1973ರ ನಿಷೇಧ ತೆಗೆಯಲು ಅಲ್ಲಿನ ಅಧ್ಯಕ್ಷರು ಆದೇಶ ಹೊರಡಿಸಿದರು.

ಎಲ್ಲ ‘ಢಂ’ ವಿಮಾನದ್ದಲ್ಲ

ಇಷ್ಟು ಓದಿದ ಮೇಲೆ, ಮುಂದಿನ ಸಲ ಸದ್ದು ಕೇಳಿದಾಗ ‘ವಿಮಾನ ಬಿಡಿ’ ಎಂದು ಸುಮ್ಮನಾಗಬಾರದು. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಸುತ್ತ ಭಾರಿ ಸದ್ದು ಕೇಳಿ ಜನ ಭೂಕಂಪವೆಂದು ಬೀದಿಗೆ ಬಂದರು, ಪಕ್ಕದ ಜಿಲ್ಲೆಗೂ ಅದರ ಅನುಭವ ಆಗಿತ್ತು. ಅದು ಹುಣಸೋಡು ಬಳಿಯ ಕ್ರಷರ್ ಜಾಗದಲ್ಲಿ ಕಲ್ಲು ಸಿಡಿಸಲು ತಂದಿದ್ದ ಸ್ಫೋಟಕ ಸಿಡಿದದ್ದು. ಕಾರ್ಮಿಕರು ಪ್ರಾಣ ಕಳೆದುಕೊಂಡರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಗಡಿಕೇಶ್ವರದಲ್ಲಿ ನೆಲದೊಳಗಿಂದ ಸದ್ದು ಬರುತ್ತಿದೆ ಎಂದು ಜನ ಊರು ಬಿಡಲು ಹೊರಟಿದ್ದರು. ಅಲ್ಲಿ ನಿಜವಾಗಿಯೂ ಸಣ್ಣ ಭೂಕಂಪಗಳಾಗುತ್ತಿದ್ದವು. ಮೇಲ್ಪದರದಲ್ಲೇ ಆಗುವ ಪುಟ್ಟ ಕಂಪನದ ಅಲೆ ಬಂಡೆಯಲ್ಲಿ ಸೆಕೆಂಡಿಗೆ ಐದಾರು ಕಿಲೋಮೀಟರ್ ವೇಗದಲ್ಲಿ ಬಂದು ನೆಲದಿಂದ ಗಾಳಿಗೆ ದಾಟುವಾಗ ಸದ್ದಾಗಿ ಕೇಳುತ್ತದೆ.

ಸೋನಿಕ್ ಬೂಮ್ ಗಾಳಿಯಲ್ಲಿ ಬರುವುದರಿಂದ ಮೊದಲು ಅಲುಗುವುದು ಕಿಟಕಿ, ಬಾಗಿಲು, ತಗಡಿನ ಶೀಟು. ಕ್ಷಣದಲ್ಲಿ ಮುಗಿಯುತ್ತದೆ. ಭೂಕಂಪದಲ್ಲಿ ನೆಲವೇ ಅಲುಗುತ್ತದೆ, ನೇತುಹಾಕಿದ ದೀಪ ತೂಗಾಡುತ್ತದೆ, ತೊಟ್ಟಿಯ ನೀರು ತುಳುಕುತ್ತದೆ, ಸ್ವಲ್ಪ ಹೊತ್ತು ನಡೆಯುತ್ತದೆ. ಆದರೂ ಮನೆಯಲ್ಲಿ ಕೂತು ಖಚಿತವಾಗಿ ಹೇಳುವುದು ಕಷ್ಟ. ವಿಕೋಪ ಉಸ್ತುವಾರಿ ಕೇಂದ್ರದ ಭೂಕಂಪಮಾಪಕಗಳು ಅದಕ್ಕೇ ಇರುವುದು, ಅವರ ಮಾತಿಗೆ ಸ್ವಲ್ಪ ಹೊತ್ತು ಕಾಯಬೇಕು.

ಒಂದು ಸಂದರ್ಭದಲ್ಲಿ ಮಾತ್ರ ಕಾಯಬಾರದು. 2013ರ ಫೆಬ್ರುವರಿ 15ರ ಬೆಳಿಗ್ಗೆ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಉಲ್ಕೆಯೊಂದು ಸೆಕೆಂಡಿಗೆ 19 ಕಿಲೋಮೀಟರ್ ವೇಗದಲ್ಲಿ ಬಂದು ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಸಿಡಿಯಿತು. ಸೂರ್ಯನಿಗಿಂತ ಹೆಚ್ಚು ಬೆಳಕು, ಆದರೆ ಸದ್ದಿಲ್ಲ. ಏನದು ಎಂದು ನೋಡಲು ಜನ ಕಿಟಕಿಗೆ ಬಂದು ನಿಂತರು. ಆಘಾತ ತರಂಗ ಇಳಿದು ಬರಲು ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿಯಿತು, ಬಂದಾಗ ಸಾವಿರಾರು ಕಟ್ಟಡಗಳ ಗಾಜು ಪುಡಿಯಾಯಿತು. ಸುಮಾರು 1,500 ಮಂದಿ ಗಾಯಗೊಂಡರು, ಹೆಚ್ಚಿನವರಿಗೆ ಗಾಜಿನ ಚೂರಿನಿಂದಲೇ. ಒಂದು ಶಾಲೆಯಲ್ಲಿ ನಾಲ್ಕನೇ ತರಗತಿಯ ಶಿಕ್ಷಕಿ ಬೆಳಕು ಕಂಡ ಕೂಡಲೇ ತನ್ನ 44 ಮಕ್ಕಳಿಗೆ ಡೆಸ್ಕ್ ಕೆಳಗೆ ಅವಿತುಕೊಳ್ಳಲು ಹೇಳಿದರು. ಅವರ ಕೈಗೆ ಗಾಜು ಹೊಕ್ಕಿತು, ಮಕ್ಕಳಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ದೂರದಲ್ಲಿ ದೊಡ್ಡ ಬೆಳಕೋ ಸ್ಫೋಟದ ಹೊಗೆಯೋ ಕಂಡು ಸದ್ದು ಇನ್ನೂ ಬಂದಿಲ್ಲದಿದ್ದರೆ, ಅದು ಬರುತ್ತಿದೆ ಎಂದೇ ಅರ್ಥ. ಫೋನ್ ಹಿಡಿದು ಕಿಟಕಿಗೆ ಹೋಗದೆ, ಗಾಜಿನಿಂದ ದೂರ ಸರಿದು ತಲೆ ತಗ್ಗಿಸಿ ಕೂರಬೇಕು.

ಇನ್ನು ಗ್ರೂಪಿಗೆ ಬರೆಯಲೇಬೇಕೆನಿಸಿದರೆ ‘ಭೂಕಂಪ’ ಎಂದಾಗಲಿ ‘ವಿಮಾನ’ ಎಂದಾಗಲಿ ಬರೆಯುವ ಬದಲು ಊರಿನ ಹೆಸರು, ಗಡಿಯಾರದ ನಿಖರ ಸಮಯ, ಸದ್ದು ಒಂದೋ ಎರಡೋ, ಅಲುಗಿದ್ದು ಕಿಟಕಿಯೋ ನೆಲವೋ ಎಂಬಿಷ್ಟನ್ನು ಬರೆಯಿರಿ. ಹತ್ತು ಊರುಗಳ ಸಮಯ ಸಿಕ್ಕರೆ ಸದ್ದು ಯಾವ ಕಡೆಯಿಂದ ಯಾವ ಕಡೆಗೆ ಸಾಗಿತು ಎಂದು ಲೆಕ್ಕ ಹಾಕಬಹುದು.